ಗೆಳೆಯನ ಕವಿತೆಗೆ ಏನೆನ್ನಬೇಕು?

ಬರೆಯುವ ಹವ್ಯಾಸವುಳ್ಳವರು ನಮ್ಮ ಕಾಲೇಜಿನಲ್ಲಿ ಕಡಮೆಯೇನೂ ಇಲ್ಲ. ಪಾಠದ ನೋಟುಪುಸ್ತಕಗಳ ಹಿಂದಿನ ಪುಟಗಳನ್ನು ತಿರುವಿದರೆ ಸಾಕು, ನಮ್ಮಲ್ಲಿ ಎಷ್ಟು ಮಂದಿ ಗುಪ್ತಕವಿಗಳಿದ್ದಾರೆಂಬುದು ಬಯಲಾಗುತ್ತದೆ. ಛಂದಸ್ಸನ್ನು ಕಲಿಸಲು ಗುರುಗಳಿದ್ದಾರೆ. ಅಲಂಕಾರ, ರಸ, ಧ್ವನಿಗಳನ್ನು ವಿವರಿಸುವ ಗ್ರಂಥಗಳು ವಾಚನಾಲಯದಲ್ಲಿವೆ. ಆದರೆ ಗೆಳೆಯನೊಬ್ಬನು ತಾನು ಬರೆದುದನ್ನು ಓದಿ ಮುಗಿಸಿ, ತಲೆಯೆತ್ತಿ ನಮ್ಮ ಮುಖ ನೋಡಿದಾಗ ನಾವು ಏನೆನ್ನಬೇಕು? ನಾವು ಅಂದುದನ್ನು ಅವನು ಹೇಗೆ ಕೇಳಿಕೊಳ್ಳಬೇಕು? ಇದಕ್ಕೆ ಪಾಠವೂ ಇಲ್ಲ, ಪರೀಕ್ಷೆಯೂ ಇಲ್ಲ. ಪ್ರತಿಯೊಬ್ಬನೂ ತನಗೆ ತೋಚಿದಂತೆ ನಡೆದುಕೊಳ್ಳುತ್ತಾನೆ. ಅದರಿಂದಾಗಿ ಎಷ್ಟೋ ಬರೆಹಗಳು ಬೆಳೆಯುವ ಮೊದಲೇ ಬಾಡಿಹೋಗುತ್ತವೆ. ಆದುದರಿಂದ ಈ ವಿಷಯವಾಗಿ ನನಗೆ ತೋರಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಹಾಗೂ ಗುರುಹಿರಿಯರ ಮುಂದಿಡುತ್ತಿದ್ದೇನೆ.

ಕದ್ರಿಯ ಆಸುಪಾಸಿನಲ್ಲಿ ವಾಸವಾಗಿರುವ ನಾವು ಏಳೆಂಟು ಮಂದಿ ಶನಿವಾರದ ಸಂಜೆ ಕದ್ರಿಯ ಉದ್ಯಾನದಲ್ಲಿ ಸೇರಿ, ಆ ವಾರ ಬರೆದುದನ್ನು ಒಬ್ಬರಿಗೊಬ್ಬರು ಓದಿ ಹೇಳುವ ವಾಡಿಕೆ ಇಟ್ಟುಕೊಂಡಿದ್ದೇವೆ. ಮಳೆ ಹಿಡಿದರೆ ಯಾರಾದರೊಬ್ಬರ ಮನೆಯ ಚಾವಡಿಯೇ ಗತಿ. ಇಲ್ಲಿಯೂ, ಬೇರೆ ಕೂಟಗಳಲ್ಲಿಯೂ, ಓದಿದ ಮೇಲೆ ಬರುವ ಮಾತುಗಳು ಸಾಮಾನ್ಯವಾಗಿ ಎರಡೇ ಬಗೆಯವು. ಒಂದು, "ಬಹಳ ಚೆನ್ನಾಗಿದೆ" ಎಂಬುದು. ಇನ್ನೊಂದು, "ಇದು ಕವಿತೆಯೇ ಅಲ್ಲ" ಎಂಬುದು. ಮೊದಲನೆಯದು ಸ್ನೇಹವೆನಿಸಿಕೊಳ್ಳುತ್ತದೆ, ಎರಡನೆಯದು ಪಾಂಡಿತ್ಯವೆನಿಸಿಕೊಳ್ಳುತ್ತದೆ. ಆದರೆ ವಿಚಾರ ಮಾಡಿ ನೋಡಿದರೆ, ಈ ಎರಡನ್ನೂ ಹೇಳಲು ಕವಿತೆಯನ್ನು ಕೇಳಿರಬೇಕಾದ ಅಗತ್ಯವೇ ಇಲ್ಲ. ಬರೆದವನು ಇವೆರಡರಲ್ಲಿ ಯಾವುದನ್ನು ಕೇಳಿ ಮನೆಗೆ ಹೋದರೂ, ಮರುದಿನ ಯಾವ ಸಾಲನ್ನು ತಿದ್ದಬೇಕೆಂಬುದು ಅವನಿಗೆ ತಿಳಿಯದು.

ಹಾಗಾದರೆ ಇನ್ನೊಬ್ಬರಿಗೆ ತೋರಿಸುವುದಾದರೂ ಏಕೆ, ತಾನೇ ಬರೆದು ತಾನೇ ತಿದ್ದಿಕೊಂಡರೆ ಸಾಲದೇ ಎಂದು ಕೇಳುವವರುಂಟು. ಇದಕ್ಕೆ ಉತ್ತರ ಕನ್ನಡದಲ್ಲಿ ಬಹಳ ಹಿಂದೆಯೇ ಹುಟ್ಟಿದೆ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗವು 9ನೆಯ ಶತಮಾನದ್ದು. ರಾಷ್ಟ್ರಕೂಟ ನೃಪತುಂಗನ ಆಸ್ಥಾನದ್ದು. ಅದರಲ್ಲಿ ಒಂದು ಸೊಗಸಾದ ಹೋಲಿಕೆಯುಂಟು. ಕಣ್ಣು ತನಗೇ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಮನುಷ್ಯನು ತನ್ನ ದೋಷವನ್ನು ತಾನು ಕಾಣಲಾರನು. ಆದಕಾರಣ ಕಾವ್ಯವನ್ನು ಪರರಿಗೆ ತೋರಿಸಬೇಕು ಎಂಬುದು ಅದರ ತಾತ್ಪರ್ಯ. ಗಮನಿಸಬೇಕಾದುದೇನೆಂದರೆ, ಇಲ್ಲಿ ಕಣ್ಣಿಗೆ ಕುರುಡೆಂದು ಬಯ್ದಿಲ್ಲ. ತೀರ ಹತ್ತಿರವಿರುವುದರಿಂದ ಕಾಣುವುದಿಲ್ಲ, ಅಷ್ಟೆ. ದೋಷವನ್ನು ತೋರಿಸುವವನು ಹೆಚ್ಚು ಬಲ್ಲವನೇ ಆಗಬೇಕಾಗಿಲ್ಲ. ಸ್ವಲ್ಪ ದೂರದಲ್ಲಿ ನಿಂತವನಾದರೆ ಸಾಕು. ಗೆಳೆಯನ ಬರೆಹದ ಕುಂದನ್ನು ಕಂಡೊಡನೆ ತನ್ನನ್ನು ಅವನಿಗಿಂತ ದೊಡ್ಡವನೆಂದು ಭಾವಿಸುವ ಚಪಲಕ್ಕೆ ಈ ಹೋಲಿಕೆಯೇ ಮದ್ದು.

ಇನ್ನು ನಾನು ಮುಖ್ಯವೆಂದು ಭಾವಿಸಿರುವ ಮಾತಿಗೆ ಬರುತ್ತೇನೆ. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ನಮ್ಮಲ್ಲಿ ನೋಡದವರು ವಿರಳ. ಆಳುಪ ದೊರೆ ಕುಂದವರ್ಮನು 968ರಲ್ಲಿ ಅದನ್ನು ಪ್ರತಿಷ್ಠೆ ಮಾಡಿಸಿದನೆಂದು ಪೀಠದ ಶಾಸನದಿಂದ ತಿಳಿದುಬರುತ್ತದೆ. ದಕ್ಷಿಣದೇಶದ ಎರಕದ ಸ್ಥಪತಿಗಳು ಕಂಚಿನ ವಿಗ್ರಹ ಮಾಡುವ ಕ್ರಮವೊಂದಿದೆ. ಮೊದಲು ಮೇಣದಲ್ಲಿ ರೂಪವನ್ನು ತಿದ್ದುತ್ತಾರೆ. ಅದರ ಮೇಲೆ ಮಣ್ಣನ್ನು ಮೆತ್ತಿ, ಒಣಗಿಸಿ, ಕಾಯಿಸಿ, ಮೇಣವನ್ನು ಕರಗಿಸಿ ಹೊರಕ್ಕೆ ಬಿಡುತ್ತಾರೆ. ಆ ಟೊಳ್ಳಿನಲ್ಲಿ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಮೇಣದಲ್ಲಿರುವಾಗ ಮೂಗು ಸೊಟ್ಟಗಿದ್ದರೆ ಬೆರಳಿನಿಂದಲೇ ನೆಟ್ಟಗೆ ಮಾಡಬಹುದು. ಲೋಹ ಹೊಯ್ದ ಮೇಲೆ ಉಜ್ಜಿ ಹೊಳಪು ಕೊಡಬಹುದೇ ಹೊರತು ರೂಪವನ್ನು ಬದಲಿಸುವುದು ಸುಲಭವಲ್ಲ.

ನಾವು ಗೆಳೆಯರ ನಡುವೆ ಓದುವ ಹಸ್ತಪ್ರತಿಯು ಮೇಣದ ರೂಪ. ಅಚ್ಚಾಗಿ ಅಂಗಡಿಗೆ ಬಂದ ಪುಸ್ತಕವು ಕಂಚಿನ ರೂಪ. ಇವೆರಡರ ಮುಂದೆ ಆಡುವ ಮಾತು ಒಂದೇ ಆಗಲಾರದು. ಅಚ್ಚಾದ ಪುಸ್ತಕವನ್ನು ವಿಮರ್ಶಿಸುವವನು ಓದುಗರಿಗೆ ಉತ್ತರವಾದಿ. ಹಣ ಕೊಟ್ಟು ಕೊಳ್ಳುವವನಿಗೆ ಅವನು ಸತ್ಯವನ್ನು ಹೇಳಬೇಕು, ಈ ಕೃತಿಯ ಸ್ಥಾನ ಇಂತಹುದು ಎಂದು ತೀರ್ಮಾನ ಕೊಡಬೇಕು, ನಿಷ್ಠುರನಾದರೂ ದೋಷವಿಲ್ಲ. ಹಸ್ತಪ್ರತಿಯನ್ನು ಕೇಳುವ ಗೆಳೆಯನಾದರೋ ತೀರ್ಪುಗಾರನಲ್ಲ. ಅವನು ಉತ್ತರವಾದಿಯಾಗಿರುವುದು ಆ ಬರೆಹಕ್ಕೆ. ಅದು ಇನ್ನೂ ಏನಾಗಬಹುದೋ ಅದಕ್ಕೆ. ನಮ್ಮ ಕೂಟಗಳಲ್ಲಿ ನಡೆಯುತ್ತಿರುವ ಅನರ್ಥವೆಲ್ಲ ಈ ಭೇದವನ್ನು ಮರೆತುದರಿಂದ ಆಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ತರಗತಿಯಲ್ಲಿ ದೊಡ್ಡ ವಿಮರ್ಶಕರ ಲೇಖನಗಳನ್ನು ಓದುತ್ತೇವೆ. ಅವರು ಅಚ್ಚಾದ ಕೃತಿಗಳ ಮೇಲೆ ಪ್ರಯೋಗಿಸಿದ ಅಸ್ತ್ರಗಳನ್ನೇ ಸಂಜೆ ಗೆಳೆಯನ ಮೇಣದ ಬೊಂಬೆಯ ಮೇಲೆ ಪ್ರಯೋಗಿಸುತ್ತೇವೆ. ಬೊಂಬೆ ಉಳಿದೀತು ಹೇಗೆ?

ಹಾಗೆಂದು ಮೇಣವನ್ನು ಮುಟ್ಟಲೇಬಾರದೆಂದು ನಾನು ಹೇಳುತ್ತಿಲ್ಲ. ಮುಟ್ಟಬಹುದಾದ ಕಾಲ ಅದೊಂದೇ. ಮುಟ್ಟುವ ರೀತಿ ಯಾವುದೆಂಬುದು ಪ್ರಶ್ನೆ. ಇದಕ್ಕೆ ನಮ್ಮ ಜಿಲ್ಲೆಯವರು ದೂರ ಹುಡುಕಬೇಕಾಗಿಲ್ಲ. ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರಲ್ಲಿ ತೀರಿಕೊಂಡ ಲಕ್ಷ್ಮೀನಾರಣಪ್ಪನನ್ನು ನಾವೆಲ್ಲ ಮುದ್ದಣನೆಂದು ಬಲ್ಲೆವು. ಅವನ ಶ್ರೀರಾಮಾಶ್ವಮೇಧದಲ್ಲಿ ಕತೆ ಹೇಳುವವನು ಮುದ್ದಣ, ಕೇಳುವವಳು ಅವನ ಮಡದಿ ಮನೋರಮೆ. ಈ ಮನೋರಮೆಯಷ್ಟು ಒಳ್ಳೆಯ ಕೇಳುಗರು ನಮ್ಮ ಸಾಹಿತ್ಯದಲ್ಲಿ ಮತ್ತೊಬ್ಬರಿಲ್ಲವೆಂದು ನನಗೆ ತೋರುತ್ತದೆ. ಕತೆಯನ್ನು ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಎಂದು ಅವನು ಕೇಳಿದರೆ, ಗದ್ಯವೇ ಸಾಕು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಅವನು ಸಂಸ್ಕೃತದ ಆಡಂಬರದಿಂದ ಮೊದಲುಮಾಡಿದರೆ, ಕನ್ನಡವೇ ಕಷ್ಟವಾಗಿರುವಾಗ ಇದೇಕೆಂದು ತಡೆಯುತ್ತಾಳೆ. ಅವನಾದರೂ ತನ್ನ ಪಟ್ಟನ್ನು ಪೂರ್ತಿಯಾಗಿ ಬಿಡುವುದಿಲ್ಲ. ಕನ್ನಡದ ನಡುವೆ ಅಲ್ಲಲ್ಲಿ ಸಂಸ್ಕೃತ ಸೇರಿದರೆ ಚೆಲುವೆಂದು ವಾದಿಸುತ್ತಾನೆ. ಆಗ ಅವಳೂ ಒಪ್ಪುತ್ತಾಳೆ. ಆದರೆ ಅರ್ಥವಾಗುವಂತೆ ಹೇಳಬೇಕೆಂದು ಕಟ್ಟು ಮಾಡುತ್ತಾಳೆ. ಕತೆ ಮುಂದೆ ಸಾಗುತ್ತದೆ.

ಅವಳು ಆಕ್ಷೇಪಿಸುವುದು ಕತೆ ಬೇಕೆಂಬ ಆಸೆಯಿಂದ. ಅವಳ ಪ್ರತಿಯೊಂದು ಅಡ್ಡಮಾತಿನ ಹಿಂದೆಯೂ "ಮುಂದೇನಾಯಿತು?" ಎಂಬ ಕುತೂಹಲವಿದೆ. ಈ ಕುತೂಹಲವಿಲ್ಲದವನು ಗೆಳೆಯನ ಹಸ್ತಪ್ರತಿಯ ಮೇಲೆ ಮಾತಾಡದಿರುವುದೇ ಲೇಸು. ಮತ್ತೊಂದು ವಿಶೇಷವೇನೆಂದರೆ, ಅವಳು ಶಾಸ್ತ್ರವನ್ನು ಉದಾಹರಿಸುವುದಿಲ್ಲ. ತನಗೆ ಎಲ್ಲಿ ತೊಡಕಾಯಿತೋ ಅದನ್ನು ಹೇಳುತ್ತಾಳೆ, ಅಷ್ಟೆ. "ಇಲ್ಲಿ ನನಗೆ ಅರ್ಥವಾಗಲಿಲ್ಲ", "ಇಲ್ಲಿ ನನ್ನ ಮನಸ್ಸು ಬೇರೆ ಕಡೆಗೆ ಹೋಯಿತು", "ಈ ಅಜ್ಜನ ಮಾತು ಕೇಳಿ ನಗು ಬಂತು" ಎನ್ನುವುದಕ್ಕೆ ಯಾರ ಅನುಮತಿಯೂ ಬೇಡ. ಅದನ್ನು ಯಾರೂ ಸುಳ್ಳೆನ್ನಲಾರರು. "ನೀನು ಹೀಗೆ ಬರೆಯಬೇಕಿತ್ತು" ಎಂದೊಡನೆ ಮಾತ್ರ ನಾವು ಗೆಳೆಯನ ಕವಿತೆಯನ್ನು ಬಿಟ್ಟು ನಮ್ಮ ಕವಿತೆಯನ್ನು ಬರೆಯತೊಡಗಿರುತ್ತೇವೆ. ಮನೋರಮೆ ಒಮ್ಮೆಯೂ ಕತೆಯನ್ನು ತಾನೇ ಹೇಳಲು ಹೊರಡುವುದಿಲ್ಲ.

ಇದೇ ಮುದ್ದಣನು ತನ್ನ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳದೆ, ಯಾರೋ ಹಳೆಯ ಕವಿಯವೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದನೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಬರೆದವನು ಅವನೇ ಎಂಬುದು ನಿಶ್ಚಯವಾಗುವ ಹೊತ್ತಿಗೆ ಅವನಿರಲಿಲ್ಲ. ಬಡ ಉಪಾಧ್ಯಾಯನೊಬ್ಬನು ಹಳಗನ್ನಡದಲ್ಲಿ ಬರೆದರೆ ಯಾರು ಮನ್ನಿಸಿಯಾರು ಎಂಬ ಅಳುಕು ಅವನಿಗೆ ಇದ್ದಿರಬೇಕೆಂದು ನಾನು ಊಹಿಸುತ್ತೇನೆ. ಕೃತಿಯ ಒಳಗೆ ಅಷ್ಟು ಸಲಿಗೆಯ ಕೇಳುಗಳನ್ನು ಸೃಷ್ಟಿಸಿಕೊಂಡವನಿಗೆ ಕೃತಿಯ ಹೊರಗೆ ಹೆಸರು ಹೇಳಿಕೊಳ್ಳುವ ಧೈರ್ಯ ಬರಲಿಲ್ಲ. ಕೇಳುವವರ ರೀತಿನೀತಿಯು ಸಣ್ಣ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಮಂಗಳೂರಿನವರಾದ ನಮಗೆ ಇನ್ನೊಂದು ವಿಶೇಷ ಹೊಣೆಯುಂಟು. ನಮ್ಮಲ್ಲಿ ಬಹುಮಂದಿಗೆ ಕನ್ನಡವು ಮನೆಮಾತಲ್ಲ. ಒಬ್ಬನ ಮನೆಯಲ್ಲಿ ತುಳು, ಒಬ್ಬಳ ಮನೆಯಲ್ಲಿ ಕೊಂಕಣಿ, ಮತ್ತೊಬ್ಬನ ಮನೆಯಲ್ಲಿ ಬ್ಯಾರಿ ಅಥವಾ ಮಲೆಯಾಳ. ಶಾಲೆಗೆ ಹೋದ ಮೇಲೆ ಕನ್ನಡ ಕಲಿತು, ಆ ಕನ್ನಡದಲ್ಲಿಯೇ ತನ್ನ ಸುಖದುಃಖವನ್ನು ಬರೆಯಲು ಕುಳಿತವರು ನಾವು. ಒಂದು ಸಾಹಿತ್ಯಕೂಟದಲ್ಲಿ ನಾನು ಕಂಡುದನ್ನು ಹೇಳುತ್ತೇನೆ. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಬೀಡಿ ಕಟ್ಟುವ ತಾಯಿಯ ಮೇಲೆ ಒಂದು ಕತೆ ಓದಿದಳು. ಆಕೆಯ ಮನೆಮಾತು ತುಳು. ಓದು ಮುಗಿದೊಡನೆ ಒಬ್ಬರು ಎದ್ದು, ಆಕೆಯ ಉಚ್ಚಾರದಲ್ಲಿ "ಭಾಷೆ"ಯು "ಬಾಷೆ"ಯಾದುದನ್ನು, ಎರಡು ಕಡೆ ವಿಭಕ್ತಿ ತಪ್ಪಿದುದನ್ನು, ಪಾತ್ರಗಳು "ಎಂತ" ಎನ್ನುವುದನ್ನು ಒಂದೊಂದಾಗಿ ಎಣಿಸಿದರು. ಸಭೆ ನಕ್ಕಿತು. ಎಲೆಯನ್ನು ಕತ್ತರಿಸುತ್ತ ಮಗಳ ಕಾಲೇಜಿನ ಫೀಸಿನ ಲೆಕ್ಕ ಹಾಕುವ ಆ ತಾಯಿಯ ವಿಷಯವನ್ನು ಯಾರೂ ಎತ್ತಲಿಲ್ಲ. ಹುಡುಗಿ ಹಾಳೆಗಳನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಆ ಮೇಲೆ ಅವಳು ಯಾವ ಕೂಟದಲ್ಲಿಯೂ ಓದಿದುದನ್ನು ನಾನು ಕಾಣೆ.

ಹೀಗೆ ನಕ್ಕವರು ಮತ್ತೊಮ್ಮೆ ಕವಿರಾಜಮಾರ್ಗವನ್ನೇ ನೋಡಬೇಕು. ಕನ್ನಡನಾಡಿನ ದೇಸಿಗಳು ಬೇರೆಬೇರೆಯಾಗಿರುವುದರಿಂದ, ಕನ್ನಡಗಳಲ್ಲಿ ದೋಷ ಇಷ್ಟೆಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತೆಂದು ಅಲ್ಲಿ ಹೇಳಿದೆ. ಸಾವಿರ ವರ್ಷಗಳಿಗೂ ಹಿಂದೆ ಇದ್ದ ಆ ಔದಾರ್ಯ ನಮಗೆ ಬೇಡವೇ? ಮಂಗಳೂರಿನಲ್ಲಿಯೇ 1883ರಲ್ಲಿ ಹುಟ್ಟಿದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಬಂಟವಾಳದ ಪಂಜೆ ಮಂಗೇಶರಾಯರದೂ ಕೊಂಕಣಿಯೇ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇವರ ಎಳೆಯ ಹಸ್ತಪ್ರತಿಗಳ ಮುಂದೆ ಯಾರಾದರೂ ಬರಿಯ ತಪ್ಪುಗಳನ್ನು ಎಣಿಸಿ ನಗಿಸಿದ್ದರೆ ನಷ್ಟ ಯಾರದಾಗುತ್ತಿತ್ತು? ಕಾಗುಣಿತ, ವಿಭಕ್ತಿಗಳ ತಪ್ಪನ್ನು ತಿದ್ದಬೇಡವೆಂದಲ್ಲ; ಅವಶ್ಯವಾಗಿ ತಿದ್ದಬೇಕು. ಆದರೆ ಅದಕ್ಕೆ ಸಭೆ ಬೇಡ, ಒಂದು ಸೀಸದಕಡ್ಡಿ ಸಾಕು. ಹಾಳೆಯ ಅಂಚಿನಲ್ಲಿ ಗುರುತು ಮಾಡಿ ಕೈಗೆ ಕೊಟ್ಟರೆ ಕೆಲಸವಾಯಿತು. ಸಭೆಯಲ್ಲಿ ಆಡಬೇಕಾದುದು ಬೀಡಿ ಕಟ್ಟುವ ತಾಯಿಯ ಮಾತನ್ನು. ಅಂದ ಹಾಗೆ, ನಮ್ಮೂರಿನ ತಾಯಿ "ಎಂತ" ಎನ್ನದೆ ಮತ್ತೇನೆಂದಾಳು?

ಹೊಗಳಿಕೆಯ ವಿಷಯದಲ್ಲಿಯೂ ಒಂದು ಮಾತು. ಬರಿದೆ ಹೊಗಳುವುದು ಸೌಜನ್ಯವೆಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಅದು ಉದಾಸೀನವೇ. ಗೆಳೆಯನ ಅಂಗಿಯ ಗುಂಡಿ ಬಿಚ್ಚಿದ್ದನ್ನು ನೋಡಿಯೂ ಹೇಳದೆ ಅವನನ್ನು ವೇದಿಕೆ ಹತ್ತಿಸಿದ ಹಾಗೆ. ಇಂದು ನಾವು ಹೊಗಳಿ ಕಳುಹಿಸಿದುದನ್ನೇ ನಾಳೆ ಸಂಪಾದಕನು ಹಿಂದಕ್ಕೆ ಕಳುಹಿಸುತ್ತಾನೆ; ಆಗ ಅವನ ಜೊತೆಯಲ್ಲಿ ನಾವಿರುವುದಿಲ್ಲ. ಒಳ್ಳೆಯದನ್ನೂ ಗುರುತಿಟ್ಟು ಹೇಳಬೇಕು. "ಚೆನ್ನಾಗಿದೆ" ಎಂಬುದಕ್ಕಿಂತ "ಎರಡನೆಯ ಪುಟದಲ್ಲಿ ಬಾವಿಯ ರಾಟೆಯ ಸದ್ದು ಬಂದ ಕಡೆ ಚೆನ್ನಾಗಿದೆ" ಎಂಬುದು ಹತ್ತು ಪಾಲು ಮೇಲು. ಎಲ್ಲಿ ಕೈಹಾಕಬಾರದೆಂಬುದು ಆಗ ಬರೆದವನಿಗೆ ತಿಳಿಯುತ್ತದೆ. ತಿದ್ದುವ ಹುರುಪಿನಲ್ಲಿ ಒಳ್ಳೆಯದನ್ನೇ ಅಳಿಸಿಬಿಡುವುದು ಎಳೆಯ ಲೇಖಕರಲ್ಲಿ ಸಾಮಾನ್ಯ.

ಗುರುಗಳಲ್ಲಿಯೂ ವಿನಯಪೂರ್ವಕವಾಗಿ ಒಂದು ಬಿನ್ನಹ. ತಮ್ಮ ಮಾತಿಗೆ ನಮ್ಮಲ್ಲಿ ತೂಕ ಹೆಚ್ಚು. ಕೂಟದಲ್ಲಿ ತಾವು ಮೊದಲು ಅಭಿಪ್ರಾಯ ಕೊಟ್ಟರೆ ಉಳಿದವರೆಲ್ಲ ಅದನ್ನೇ ಬೇರೆ ಶಬ್ದಗಳಲ್ಲಿ ಹೇಳುತ್ತಾರೆ. ಬೇರೆಯಾಗಿ ತೋಚಿದವನು ಸುಮ್ಮನಾಗುತ್ತಾನೆ. ಆದುದರಿಂದ ತಾವು ಕೊನೆಯಲ್ಲಿ ಮಾತಾಡಿದರೆ ನಮಗೆ ಎರಡು ಬಗೆಯ ಲಾಭ. ನಮ್ಮ ಕಿವಿ ನಾವೇ ಚುರುಕುಮಾಡಿಕೊಳ್ಳುತ್ತೇವೆ; ನಾವು ತಪ್ಪಿದಲ್ಲಿ ತಮ್ಮ ತಿದ್ದುಪಡಿಯೂ ದೊರೆಯುತ್ತದೆ.

ಇನ್ನು ಕೇಳಿಸಿಕೊಳ್ಳುವವನ ಧರ್ಮ. ನಮ್ಮೂರಿನ ತಾಳಮದ್ದಳೆಯನ್ನು ಇಲ್ಲಿ ನೆನೆಯುವುದು ಉಚಿತ. ವಾಲಿಯು ನೆಲಕ್ಕೆ ಬಿದ್ದು, ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ರಾಮನನ್ನು ಕೇಳುವ ಸಂದರ್ಭವನ್ನು ನಾವೆಲ್ಲ ಕೇಳಿದ್ದೇವೆ. ವಾಲಿಯ ಅರ್ಥಕ್ಕೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಕುಳಿತರೆ ಎದುರಿನ ರಾಮನಿಗೆ ಸುಲಭದ ಬಿಡುಗಡೆಯಿರಲಿಲ್ಲ. ಅಲ್ಲಿ ಎಷ್ಟೇ ಬಿರುಸಿನ ಮಾತು ನಡೆದರೂ ಅದು ವಾಲಿಗೂ ರಾಮನಿಗೂ ನಡೆದುದು. ಮಂಗಳ ಹಾಡಿದ ಮೇಲೆ ಅರ್ಥಧಾರಿಗಳಿಬ್ಬರೂ ಒಟ್ಟಿಗೆ ಕುಳಿತು ಕಾಫಿ ಕುಡಿಯುತ್ತಾರೆ. ಬರೆಹಕ್ಕೆ ಬಂದ ಮಾತನ್ನು ಬರೆದವನು ತನ್ನ ಮೈಗೆ ಹಚ್ಚಿಕೊಳ್ಳಬಾರದೆಂಬುದನ್ನು ಇಲ್ಲಿಂದ ಕಲಿಯಬಹುದು.

ಆದರೆ ಒಂದು ಅಂಶದಲ್ಲಿ ನಮ್ಮ ಕೂಟ ತಾಳಮದ್ದಳೆಯಲ್ಲ. ಅಲ್ಲಿ ಉತ್ತರ ಕೊಡುವುದೇ ಕಲೆ. ಇಲ್ಲಿ ಉತ್ತರ ಕೊಡದಿರುವುದೇ ವಿವೇಕ. ಏಕೆಂದರೆ ರಾಮನು ವಾಲಿಯ ಎದುರಿಗೇ ಇದ್ದಾನೆ. ತನ್ನ ಕೃತ್ಯಕ್ಕೆ ತಾನೇ ಸಮರ್ಥನೆ ಕೊಡಬಲ್ಲ. ಕವಿತೆಯಾದರೋ ಅಚ್ಚಾದ ಮೇಲೆ ಒಂಟಿಯಾಗಿ ಹೋಗುತ್ತದೆ. ಪುತ್ತೂರಿನಲ್ಲಿಯೋ ಕಾಸರಗೋಡಿನಲ್ಲಿಯೋ ಯಾರೋ ಅದನ್ನು ಓದಿ ತಬ್ಬಿಬ್ಬಾದಾಗ, "ನನ್ನ ಅಭಿಪ್ರಾಯ ಅದಲ್ಲ, ಇದು" ಎಂದು ವಿವರಿಸಲು ಕವಿಯು ಅವರ ಮನೆಯ ಜಗಲಿಯಲ್ಲಿ ಕುಳಿತಿರುವುದಿಲ್ಲ. ಬಾಯಿಂದ ವಿವರಿಸಬೇಕಾಗಿ ಬಂದುದೇ ಹಾಳೆಯ ಮೇಲೆ ಬಂದಿಲ್ಲವೆಂಬುದಕ್ಕೆ ಸಾಕ್ಷಿ. ಆದುದರಿಂದ ಓದಿದವನು ಬಾಯಿ ಮುಚ್ಚಿ, ಕಿವಿ ತೆರೆದು, ಕೇಳಿದುದನ್ನೆಲ್ಲ ಬರೆದುಕೊಂಡು, ಉಪಕಾರ ಸ್ಮರಿಸಿ ಮನೆಗೆ ಹೋಗುವುದು ಒಳ್ಳೆಯದು. ಪಂಜೆಯವರು ತಮಗೆ ಇಟ್ಟುಕೊಂಡ ಕಾವ್ಯನಾಮ "ಕವಿಶಿಷ್ಯ". ಅಂಥವರೇ ಶಿಷ್ಯರೆನಿಸಿಕೊಂಡ ಮೇಲೆ ನಮಗೆ ಸಂಕೋಚವೇಕೆ?

ಕೇಳಿದುದನ್ನೆಲ್ಲ ಒಪ್ಪಬೇಕೆಂಬ ಕಟ್ಟಳೆ ಮಾತ್ರ ಇಲ್ಲ. ಮೂವರು ಕೇಳುಗರು ಒಂದೇ ಕಡೆ ಎಡವಿದರೆ ಅಲ್ಲಿ ಕಲ್ಲಿದೆಯೆಂದು ತಿಳಿಯಬೇಕು. ಆದರೆ ಆ ಕಲ್ಲನ್ನು ತೆಗೆಯುವ ಉಪಾಯ ಮೂವರು ಹೇಳಿದುದೇ ಆಗಬೇಕೆಂದಿಲ್ಲ. ಗೋವಿಂದ ಪೈಗಳು 1911ರ ಸುಮಾರಿಗೆ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟುಕೊಟ್ಟು ಪದ್ಯ ಬರೆಯತೊಡಗಿದಾಗ ಅದನ್ನು ಒಪ್ಪದವರು ಇದ್ದರು. ಶತಮಾನಗಳಿಂದ ಬಂದ ಕಟ್ಟು ಅದು. ಪೈಗಳು ಜಗಳಕ್ಕೆ ಹೋಗುವ ಬದಲು ಪ್ರಾಸವಿಲ್ಲದೆಯೂ ಪದ್ಯ ನಿಲ್ಲುತ್ತದೆಂದು ಬರೆದು ತೋರಿಸಿದರು. ಇಂದು ಆ ಪ್ರಾಸವನ್ನು ಇಡಲಿಲ್ಲವೆಂದು ಯಾರೂ ಯಾರನ್ನೂ ಆಕ್ಷೇಪಿಸುವುದಿಲ್ಲ. ಪೈಗಳು ಪ್ರಾಸವನ್ನು ತಿಳಿಯದೆ ಬಿಟ್ಟವರಲ್ಲ, ತಿಳಿದು ಬಿಟ್ಟವರು ಎಂಬುದನ್ನು ಮಾತ್ರ ಮರೆಯಬಾರದು. ಸಲಹೆಯನ್ನು ತಳ್ಳಿಹಾಕುವ ಹಕ್ಕು ಅದನ್ನು ಪೂರ್ತಿಯಾಗಿ ಕೇಳಿದವನಿಗೆ ಮಾತ್ರ ಇದೆ.

ಇಷ್ಟೊಂದು ನಯವಾಗಿ ನಡೆದುಕೊಂಡರೆ ಸಾಹಿತ್ಯ ಸಪ್ಪೆಯಾಗದೇ ಎಂದು ಕೆಲವರು ಶಂಕಿಸಬಹುದು. ನಯವೆಂದರೆ ಮೆತ್ತಗಿನ ಮಾತಲ್ಲ. "ಈ ಕತೆ ಮೂರನೆಯ ಪುಟದಲ್ಲಿಯೇ ಮುಗಿದಿದೆ, ಆ ಮೇಲಿನ ನಾಲ್ಕು ಪುಟ ಬೇಡ" ಎಂಬುದು ಎಷ್ಟು ಕಠಿಣವಾದ ಮಾತು! ಆದರೆ ಅದರಲ್ಲಿ ಅಪಮಾನವಿಲ್ಲ, ಉಪಯೋಗವಿದೆ. ಅಂಥ ಮಾತನ್ನು ಹೇಳಬೇಕಾದರೆ ಏಳು ಪುಟಗಳನ್ನೂ ಗಮನವಿಟ್ಟು ಕೇಳಿರಬೇಕು. ಗೇಲಿ ಮಾಡಲು ಒಂದು ಸಾಲು ಕೇಳಿದರೆ ಸಾಕು. ಇವುಗಳಲ್ಲಿ ಯಾವುದು ಶ್ರಮದ ಕೆಲಸವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಕೊನೆಯದಾಗಿ ಒಂದು ಸೂಚನೆ. ನಮ್ಮ ಕಾಲೇಜಿನಲ್ಲಿ ಕವಿಗೋಷ್ಠಿಗಳು ನಡೆಯುತ್ತವೆ. ಹಾರ, ಭಾಷಣ, ಚಪ್ಪಾಳೆಗಳಾಗುತ್ತವೆ. ಅವು ಇರಲಿ. ಅದರ ಜೊತೆಗೆ ತಿಂಗಳಿಗೊಮ್ಮೆ, ಹಾರವಿಲ್ಲದ, ಅಧ್ಯಕ್ಷರಿಲ್ಲದ, ಹತ್ತು ಮಂದಿಗಿಂತ ಹೆಚ್ಚು ಸೇರದ ಒಂದು ಓದಿನ ಕೂಟವನ್ನು ಏರ್ಪಡಿಸಬಾರದೇಕೆ? ಅಲ್ಲಿ ಅಚ್ಚಾದುದನ್ನು ಓದಕೂಡದು. ಇನ್ನೂ ಮುಗಿಯದುದನ್ನು ಮಾತ್ರ ಓದಬೇಕು. ಕೇಳಿದವರು ತಮಗೆ ಎಲ್ಲಿ ಹಿಡಿಸಿತು, ಎಲ್ಲಿ ತೊಡಕಾಯಿತು ಎಂಬೆರಡನ್ನೇ ಹೇಳಬೇಕು. ಓದಿದವರು ಅಂದು ಉತ್ತರ ಕೊಡಕೂಡದು. ಮುಂದಿನ ತಿಂಗಳು ತಿದ್ದಿ ತಂದ ಪ್ರತಿಯೇ ಅವರ ಉತ್ತರವಾಗಲಿ. ಇದಕ್ಕೆ ಖರ್ಚಿಲ್ಲ, ಒಂದು ಕೋಣೆ, ಒಂದು ಗಂಟೆ ಸಾಕು. ಇದು ಕೈಗೂಡಿದರೆ ಮುಂದಿನ ವರ್ಷದ ಸಂಚಿಕೆಯ ಸಂಪಾದಕರಿಗೆ ತಿದ್ದುವ ಕೆಲಸ ಅಷ್ಟರಮಟ್ಟಿಗೆ ಕಡಮೆಯಾದೀತು, ಆರಿಸುವ ಕೆಲಸ ಹೆಚ್ಚಾದೀತು ಎಂದು ನನ್ನ ನಂಬುಗೆ.